ದೂರು ಕೊಟ್ಟರೆ ಮ್ಯಾನೇಜರ್ ‘ಹೊಂದಿಕೊಂಡು ಹೋಗಿ’ ಎನ್ನುವುದೇಕೆ?

ಮಡಿಕೇರಿ ಬಳಿಯ ರೆಸಾರ್ಟ್‌ನಲ್ಲಿ ಸೂಪರ್‌ವೈಸರ್ ಅತಿಥಿಗಳ ಎದುರೇ ಹೀಯಾಳಿಸುತ್ತಾನೆ, ಮ್ಯಾನೇಜರ್‌ಗೆ ಹೇಳಿದರೆ ‘ಸೀಸನ್ ಮುಗಿಯಲಿ, ಹೊಂದಿಕೊಂಡು ಹೋಗಿ’ ಎಂದರು, ಎಲ್ಲ ಕಡೆ ಹೀಗೆಯೇ ಎಂದು ಕೇಳಿದ್ದೀರಿ. ಕೊಡಗಿನ ಹೋಟೆಲ್, ರೆಸಾರ್ಟ್‌ಗಳ ಸಿಬ್ಬಂದಿ ವಿಭಾಗದಲ್ಲಿ ಬಹಳ ವರ್ಷ ದುಡಿದವನಾಗಿ ಹೇಳುತ್ತೇನೆ: ಬಹುತೇಕ ಕಡೆ ಹೀಗೆಯೇ.

ಮ್ಯಾನೇಜರ್‌ಗೆ ವಿಷಯ ಗೊತ್ತಿಲ್ಲ ಎಂದುಕೊಳ್ಳಬೇಡಿ. ಪಾತ್ರೆ ತೊಳೆಯುವ ಹುಡುಗನಿಗೂ ಗೊತ್ತಿರುವುದು ಅವರಿಗೆ ಗೊತ್ತಿರುವುದಿಲ್ಲವೇ? ಡಿಸೆಂಬರ್ ಕೊನೆಯ ವಾರ ರೂಮುಗಳೆಲ್ಲ ಭರ್ತಿಯಾದಾಗ ಸೂಪರ್‌ವೈಸರ್ ಕೈಕೊಟ್ಟರೆ ಗತಿಯೇನು ಎಂಬುದೇ ಅವರ ಲೆಕ್ಕ. ಜೊತೆಗೆ ನಮ್ಮದು ಸಣ್ಣ ಜಿಲ್ಲೆ. ಅವನು ಮಾಲೀಕರ ಊರಿನವನೋ, ನೆಂಟನೋ ಆಗಿರುತ್ತಾನೆ. ಹಾಗಾಗಿ ಇಬ್ಬರನ್ನೂ ಎದುರುಬದುರು ಕೂರಿಸಿ, ಕಾಫಿ ಕುಡಿಸಿ, ಕೈಕುಲುಕಿಸಿ ಕಳಿಸುತ್ತಾರೆ.

ನನಗೆ ಸಿಟ್ಟು ಬರುವುದು ಈ ರಾಜಿಯ ಮೇಲೆಯೇ. ಮರುದಿನ ಬೈಗುಳ ನಿಲ್ಲುತ್ತದೆ, ಡ್ಯೂಟಿ ಪಟ್ಟಿ ಬದಲಾಗುತ್ತದೆ. ಬೆಳಿಗ್ಗೆ 7ರಿಂದ 11, ಮತ್ತೆ ಸಂಜೆ 6ರಿಂದ 11ರ ಬ್ರೇಕ್ ಶಿಫ್ಟ್ ವಾರಗಟ್ಟಲೆ ನಿಮ್ಮ ಹೆಸರಿಗೇ ಬೀಳುತ್ತದೆ. ನಡುವೆ ಮನೆಗೆ ಹೋಗೋಣವೆಂದರೆ ತೋಟದ ರಸ್ತೆ ನಡೆದು ಬಸ್ ಹಿಡಿಯುವಷ್ಟರಲ್ಲಿ ಮರಳುವ ಹೊತ್ತು. ಕ್ವಾರ್ಟರ್ಸ್‌ನಲ್ಲೇ ಉಳಿದರೆ ಊಟಕ್ಕೆ ಕುಳಿತಾಗ ಎದುರಿಗೆ ಅದೇ ಮುಖ. ನಾನು ಕಂಡ ಒಬ್ಬ ಮ್ಯಾನೇಜರ್ ಮಾತ್ರ ಬುದ್ಧಿ ಹೇಳುವ ಗೋಜಿಗೇ ಹೋಗದೆ, ಪಟ್ಟಿ ಬರೆಯುವ ಅಧಿಕಾರವನ್ನು ಸೂಪರ್‌ವೈಸರ್ ಕೈಯಿಂದ ತೆಗೆದು ತಾವೇ ಇಟ್ಟುಕೊಂಡರು. ಅವನ ಬಾಯಿಗೆ ಬಲ ಬಂದಿದ್ದೇ ಆ ಪಟ್ಟಿಯಿಂದ.

‘ಅವನ ಸ್ವಭಾವ ಸರಿಯಿಲ್ಲ’ ಎಂದು ದೂರಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಯಾವ ದಿನ, ಯಾರ ಎದುರು, ಏನೆಂದ ಎಂದು ಬರೆದಿಡಿ. ಡ್ಯೂಟಿ ಪಟ್ಟಿಯ ಫೋಟೊ ವಾರವಾರ ತೆಗೆದಿಡಿ. ದೂರನ್ನು ಇಮೇಲ್‌ನಲ್ಲಿ ಕಳಿಸಿ, ಮಾಲೀಕರಿಗೂ ಒಂದು ಪ್ರತಿ ಹೋಗಲಿ. ಪಟ್ಟಿಯನ್ನು ಬೇರೆಯವರು ಬರೆಯಲಿ ಎಂದು ಅದರಲ್ಲೇ ಕೇಳಿ.

ಬರೀ ಹೀಯಾಳಿಕೆಗೆಂದು ನಮ್ಮಲ್ಲಿ ಪ್ರತ್ಯೇಕ ಕಾಯ್ದೆಯಿಲ್ಲ. ನೀವು ಮಹಿಳೆಯಾಗಿದ್ದು, ಅವನ ಮಾತು ಲೈಂಗಿಕ ಧಾಟಿಗೆ ತಿರುಗಿದ್ದರೆ ಮಾತ್ರ ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ನೆರವಿಗೆ ಬರುತ್ತದೆ. 10 ಅಥವಾ ಹೆಚ್ಚು ಮಂದಿ ದುಡಿಯುವಲ್ಲಿ ಆಂತರಿಕ ಸಮಿತಿ ಇರಲೇಬೇಕು. ಅಷ್ಟು ಮಂದಿ ಇಲ್ಲದಿದ್ದರೆ, ಅಥವಾ ದೂರು ಮಾಲೀಕರ ಮೇಲೆಯೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಲಿಖಿತ ದೂರಿಗೆ ಘಟನೆಯಿಂದ 3 ತಿಂಗಳ ಗಡುವಿದೆ. ಸಮಿತಿ ಇನ್ನಷ್ಟು 3 ತಿಂಗಳು ವಿಸ್ತರಿಸಬಹುದು, ಆದರೆ ನೀವು ತಡಮಾಡಿದ್ದಕ್ಕೆ ತಕ್ಕ ಕಾರಣವಿತ್ತು ಎಂದು ಅದಕ್ಕೆ ಮನವರಿಕೆಯಾಗಬೇಕು, ವಿಸ್ತರಣೆಯ ಕಾರಣವನ್ನು ಅದು ಬರೆದಿಡಬೇಕು.