ಸಂಪಾದಕರ ಉತ್ತರ: ಗುಣ ಕಾಣದ ಗುಳಿಗೆಯ ಲೆಕ್ಕ

ರಾಯಬಾಗದ ಹಿರಿಯ ಓದುಗರೊಬ್ಬರು ಬರೆದಿದ್ದಾರೆ: ‘ಮೂವತ್ತು ವರ್ಷ ಸೊಸೈಟಿಯ ಕಿರ್ದಿ-ಖಾತೆ ಬರೆದವನು ನಾನು. ಒಂದು ವೋಚರ್ ಸಿಗದಿದ್ದರೂ ಆಡಿಟರ್ ಶರಾ ಬರೆಯುತ್ತಿದ್ದರು. ವೈದ್ಯಕೀಯ ಸಂಶೋಧನೆಗೆ ಸರ್ಕಾರ ಕೋಟಿಗಟ್ಟಲೆ ಸುರಿಯುತ್ತದೆ. ಕೊನೆಗೆ ಈ ಮದ್ದಿನಿಂದ ಗುಣವಿಲ್ಲ ಎಂದು ಕೈ ತೊಳೆದುಕೊಳ್ಳುತ್ತಾರೆ. ಕೇಳುವವರು ಯಾರು?’

ಹಿರಿಯರೇ, ಕೇಳುವವರಿದ್ದಾರೆ, ನಿಮ್ಮ ಆಡಿಟರ್ ಸಾಹೇಬರ ಬಳಗದವರೇ. ಕೇಂದ್ರದ ಅನುದಾನ ಪಡೆದ ಸಂಸ್ಥೆ ಆರ್ಥಿಕ ವರ್ಷ ಮುಗಿದ 12 ತಿಂಗಳೊಳಗೆ ಹಣ ಯಾವುದಕ್ಕೆ ಖರ್ಚಾಯಿತೆಂದು ತಿಳಿಸುವ ಬಳಕೆ ಪ್ರಮಾಣಪತ್ರ ಕೊಡಬೇಕು. ಆ ಹಣಕ್ಕೆ ಬ್ಯಾಂಕಿನಲ್ಲಿ ಹುಟ್ಟಿದ ಬಡ್ಡಿಯನ್ನೂ ಮರಳಿಸಬೇಕು. ಬಹುಪಾಲು ಅನುದಾನದಲ್ಲೇ ನಡೆಯುವ ಸಂಸ್ಥೆಗಳ ಖಾತೆಯನ್ನು ಸಿಎಜಿ (ದೇಶದ ಮಹಾಲೆಕ್ಕ ಪರಿಶೋಧಕರು) 1971ರ ಕಾಯ್ದೆಯಡಿ ಪರಿಶೀಲಿಸುತ್ತಾರೆ. ಅವರ ವರದಿ ಹೋಗುವುದು ಸಂಸತ್ತಿನ 22 ಸದಸ್ಯರ ಲೆಕ್ಕಪತ್ರ ಸಮಿತಿಗೆ. 1967ರಿಂದ ಅದರ ಅಧ್ಯಕ್ಷತೆ ವಿರೋಧ ಪಕ್ಷಕ್ಕೆ ಸಲ್ಲುತ್ತಾ ಬಂದಿದೆ.

ಆದರೆ ‘ಗುಣವಿಲ್ಲ’ ಎಂಬ ಉತ್ತರವನ್ನು ನಷ್ಟದ ಬಾಬ್ತಿಗೆ ಹಾಕಿದ್ದನ್ನು ನಾನು ಒಪ್ಪುವುದಿಲ್ಲ. ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲೇ ನಡೆದ ಪ್ರಯೋಗವನ್ನು ನೋಡಿ. ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು 1620 ಬಾಣಂತಿಯರಲ್ಲಿ ಸುಮಾರು ಅರ್ಧ ಜನರಿಗೆ ಮಿಸೊಪ್ರೊಸ್ಟಾಲ್ ಎಂಬ ಮದ್ದಿನ ಗುಳಿಗೆ, ಉಳಿದವರಿಗೆ ಮದ್ದಿಲ್ಲದ ಗುಳಿಗೆ. ಕೊಟ್ಟವರು ಹಳ್ಳಿಯ ಸಿಸ್ಟರ್‌ಗಳು. ಅತಿಯಾದ ರಕ್ತಸ್ರಾವ 12ರಿಂದ 6.4 ಪ್ರತಿಶತಕ್ಕೆ ಇಳಿಯಿತೆಂದು 2006ರಲ್ಲಿ ಪ್ರಕಟವಾಯಿತು. (ಹಣ ಅಮೆರಿಕದ್ದು, ಲೆಕ್ಕ ಒಪ್ಪಿಸಬೇಕಾದದ್ದೂ ಅಲ್ಲಿಗೇ.) ಗುಣವಿಲ್ಲ ಎಂದೇ ಫಲಿತಾಂಶ ಬಂದಿದ್ದರೆ? ಕೆಲಸಕ್ಕೆ ಬಾರದ ಗುಳಿಗೆಯನ್ನು ಊರೂರಿಗೆ ಕೊಳ್ಳುವ ಖರ್ಚು ಉಳಿಯುತ್ತಿತ್ತು. ಹಣ ಮುಳುಗುವುದು ಫಲಿತಾಂಶವನ್ನು ಕಪಾಟಿನಲ್ಲಿ ಮುಚ್ಚಿಟ್ಟಾಗ. 2009ರಿಂದ ಔಷಧ ಪ್ರಯೋಗಗಳನ್ನು ಮೊದಲೇ ನೋಂದಾಯಿಸಬೇಕೆಂದು ಕಡ್ಡಾಯ ಮಾಡಿದ್ದಕ್ಕೆ ಈ ಭಯವೂ ಕಾರಣ.

ನಿಮ್ಮ ಸಿಟ್ಟಿನಲ್ಲಿ ನಾನೂ ಪಾಲುದಾರನಾಗುವುದು ಬೇರೆ ಕಡೆ. ಒಂದು ಕಾಲೇಜಿನಲ್ಲಿ, ಹೆಸರು ಬೇಡ, ಅನುದಾನದ ಶೈತ್ಯಪೆಟ್ಟಿಗೆಯೊಂದನ್ನು ಕಂಡೆ. ಮೇಲಿನ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿರಲಿಲ್ಲ, ಪ್ಲಗ್‌ಗೆ ಸುತ್ತಿದ ದಾರವೂ ಹಾಗೇ ಇತ್ತು. ಮಾರ್ಚ್ ಕೊನೆಯ ಖರೀದಿ. ಬಿಲ್ ಇದೆ, ರಜಿಸ್ಟರಿನಲ್ಲಿ ನಮೂದಿದೆ, ಪ್ರಮಾಣಪತ್ರ ಹೋಗಿದೆ. ಕಾಗದದ ಮೇಲೆ ಎಲ್ಲವೂ ಚೊಕ್ಕ. ‘ಇದರೊಳಗೆ ಏನಿಟ್ಟಿದ್ದೀರಿ?’ ಎಂದು ಬಾಗಿಲು ತೆರೆಸುವ ಕಾಲಂ ಮಾತ್ರ ಆ ನಮೂನೆಯಲ್ಲಿಲ್ಲ.

ಅದನ್ನು ನೀವು ಕೇಳಬಹುದು. ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ಸಾಂಪ್ರದಾಯಿಕ ಔಷಧ ಸಂಸ್ಥೆ ಬೆಳಗಾವಿಯಲ್ಲೇ ಇದೆ. ಇಂಥ ಯಾವುದೇ ಕೇಂದ್ರ ಸಂಸ್ಥೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಲು ಶುಲ್ಕ 10 ರೂಪಾಯಿ. ಬಳಕೆ ಪ್ರಮಾಣಪತ್ರದ ಜೊತೆಗೆ ಆಸ್ತಿ ರಜಿಸ್ಟರ್, ಯಂತ್ರ ಬಳಸಿದ ದಿನಚರಿಯ ಪ್ರತಿಗಳನ್ನೂ ಕೇಳಿ. ಓದಲು ಬಲ್ಲ ಕಣ್ಣು ನಿಮ್ಮದು. ಬಂದ ಉತ್ತರದ ಒಂದು ಪ್ರತಿ ನಮಗೂ ಇರಲಿ.

— ಸಂಪಾದಕ