ಮ್ಯಾಡಿಸನ್ ಕಾಲೇಜಿಗೆ ಸೇರಬೇಕೆ, ಬೇಡವೆ?

ಮಿಷಿಗನ್‌ನ ನೋವೈ ಊರಿನಿಂದ ಓದುಗರೊಬ್ಬರು ಬರೆದಿದ್ದಾರೆ: "ಮಗಳಿಗೆ ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿದೆ. ಅದರೊಳಗಿನ ಜೇಮ್ಸ್ ಮ್ಯಾಡಿಸನ್ ಕಾಲೇಜಿಗೇ ಸೇರುತ್ತೇನೆ ಎನ್ನುತ್ತಾಳೆ. ಅಲ್ಲಿ ಓದು ವಿಪರೀತ, ಗ್ರೇಡ್ ಬಿದ್ದುಹೋಗುತ್ತದೆ ಎಂದು ಗೆಳತಿಯರು ಹೆದರಿಸಿದ್ದಾರೆ. ರಾಜಕೀಯ ಓದಿ ಯಾವ ಕೆಲಸ ಸಿಗುತ್ತದೆ ಎಂದು ನಮ್ಮ ಯಜಮಾನರ ಪ್ರಶ್ನೆ. ಮನೆಯಿಂದ ಒಂದೇ ಗಂಟೆಯ ದಾರಿ, ಅಲ್ಲೇ ಉಳಿಯಬೇಕೆ? ಮೇ 1ರೊಳಗೆ ಹೇಳಬೇಕು."

ನಿಮ್ಮ ಮಗಳಿಗೆ ಬರೆಯುವುದರಲ್ಲಿ ಆಸೆ ಇದ್ದರೆ ಸೇರಿಸಿ. ಚರ್ಚಾಸ್ಪರ್ಧೆಯಲ್ಲಿ ಗೆದ್ದಿದ್ದಾಳೆ, ಮಾತಿನಲ್ಲಿ ಚುರುಕು ಎನ್ನುವುದು ಮಾತ್ರ ಕಾರಣವಾದರೆ ಇನ್ನೊಮ್ಮೆ ಯೋಚಿಸಿ. ಮ್ಯಾಡಿಸನ್‌ನಲ್ಲಿ ಮಾತಿಗೆ ಬೆಲೆ ಇದೆ, ಆದರೆ ಅಲ್ಲಿ ಎಲ್ಲವೂ ಕೊನೆಗೆ ಬಂದು ನಿಲ್ಲುವುದು ಬರಹದಲ್ಲಿ.

1967ರಲ್ಲಿ ಶುರುವಾದ ಈ ಕಾಲೇಜಿನ ವಿಷಯ ಸಾರ್ವಜನಿಕ ವ್ಯವಹಾರ: ಸರ್ಕಾರ, ಕಾನೂನು, ನೀತಿ, ಅಂತರರಾಷ್ಟ್ರೀಯ ಸಂಬಂಧ. ಸುಮಾರು ಐವತ್ತು ಸಾವಿರ ವಿದ್ಯಾರ್ಥಿಗಳ ವಿಶ್ವವಿದ್ಯಾಲಯದ ಒಳಗೆ ಸಾವಿರದ ಆಸುಪಾಸಿನ ಸಣ್ಣ ಕಾಲೇಜು. ತರಗತಿ, ಅಧ್ಯಾಪಕರ ಕೋಣೆ, ವಿದ್ಯಾರ್ಥಿಗಳ ವಾಸ ಎಲ್ಲ ಕೇಸ್ ಹಾಲ್ ಎಂಬ ಒಂದೇ ಕಟ್ಟಡದಲ್ಲಿ. ಪದವಿ ಪತ್ರ ಮಾತ್ರ ಮಿಷಿಗನ್ ಸ್ಟೇಟ್‌ನದೇ. ಮೈಸೂರಿನ ರೀಜನಲ್ ಕಾಲೇಜನ್ನು ಬಲ್ಲವರಿಗೆ ಈ ಏರ್ಪಾಡು ಹೊಸದಲ್ಲ.

ಕಠಿಣ ಎಂದರೆ ಎಷ್ಟು ಕಠಿಣ, ಲೆಕ್ಕ ಹಾಕಿಯೇ ನೋಡೋಣ. ಮೊದಲ ಸೆಮಿಸ್ಟರ್‌ಗೆ 15 ಕ್ರೆಡಿಟ್ ಎಂದಿಟ್ಟುಕೊಳ್ಳಿ: ಮ್ಯಾಡಿಸನ್‌ನ ಎರಡು ಕೋರ್ಸ್‌ಗಳಿಗೆ ತಲಾ 4, ವಿದೇಶಿ ಭಾಷೆಗೆ 4, ಅರ್ಥಶಾಸ್ತ್ರಕ್ಕೆ 3. ಒಂದು ಕ್ರೆಡಿಟ್‌ಗೆ ತರಗತಿಯಲ್ಲಿ ಒಂದು ಗಂಟೆ, ಹೊರಗೆ ಎರಡು ಗಂಟೆ ಎಂಬ ಸಾಮಾನ್ಯ ಲೆಕ್ಕ ಹಿಡಿದರೆ ವಾರಕ್ಕೆ 45 ಗಂಟೆ. ಕೇಳಲು ದೊಡ್ಡದಲ್ಲ. ತೊಂದರೆ ಇರುವುದು ಓದಿನ ವೇಗದಲ್ಲಿ. ಕಾದಂಬರಿಯನ್ನು ಗಂಟೆಗೆ 40 ಪುಟ ಓದುವ ಹುಡುಗಿಗೂ ಹದಿನೆಂಟನೇ ಶತಮಾನದ ರಾಜಕೀಯ ಬರಹವನ್ನು ಟಿಪ್ಪಣಿ ಮಾಡಿಕೊಂಡು ಓದುವಾಗ 15 ಪುಟ ದಾಟುವುದು ಕಷ್ಟ. ಒಂದು ಕೋರ್ಸ್‌ಗೆ ವಾರಕ್ಕೆ 90 ಪುಟ ಬಂದರೆ ಆರು ಗಂಟೆ ಓದಿಗೇ ಹೋಯಿತು, ಪ್ರಬಂಧಕ್ಕೆ ಸಮಯ ಇನ್ನೆಲ್ಲಿಂದಲೋ ತರಬೇಕು. ಹಾಗಾಗಿ ಮೊದಲ ಸೆಮಿಸ್ಟರ್‌ನಲ್ಲಿ 15 ಕ್ರೆಡಿಟ್ ದಾಟಿಸಬೇಡಿ. ಹೈಸ್ಕೂಲಿನಲ್ಲಿ ಎಲ್ಲದರಲ್ಲೂ ಮುಂದಿದ್ದ ಮಕ್ಕಳು 18 ತೆಗೆದುಕೊಂಡು, ಜೊತೆಗೆ ಎರಡನೇ ಮೇಜರ್ (ಪದವಿಯ ಮುಖ್ಯ ವಿಷಯ) ಅಂತ ಕ್ಯಾಲ್ಕುಲಸ್ ಸೇರಿಸಿಕೊಂಡು, ಆರನೇ ಏಳನೇ ವಾರದಲ್ಲಿ ಪ್ರಬಂಧ, ಮಿಡ್‌ಟರ್ಮ್, ಭಾಷೆಯ ಪರೀಕ್ಷೆ ಒಟ್ಟಿಗೇ ಬಂದಾಗ ಕುಸಿಯುತ್ತಾರೆ.

ಗ್ರೇಡ್ ವಿಷಯ. ಮಿಷಿಗನ್ ಸ್ಟೇಟ್‌ನಲ್ಲಿ ಎ ಮೈನಸ್, ಬಿ ಪ್ಲಸ್ ಎಂಬುದಿಲ್ಲ. ಎಲ್ಲಕ್ಕಿಂತ ಮೇಲಿನ ಗ್ರೇಡ್ 4.0, ಅದಾದ ಮೇಲೆ 3.5, ಆಮೇಲೆ 3.0. ಸ್ವಲ್ಪ ತಪ್ಪಿದರೂ ಅರ್ಧ ಅಂಕ ಹೋಗುತ್ತದೆ, ಗೆಳತಿಯರ ಭಯಕ್ಕೆ ಅಷ್ಟರ ಮಟ್ಟಿಗೆ ಆಧಾರವಿದೆ. ಮೊದಲ ಪ್ರಬಂಧಕ್ಕೆ 2.5 ಬಂದರೆ ಮನೆಯಲ್ಲಿ ಗಾಬರಿಯಾಗಬೇಡಿ. ಹಾಗೆ ಬರುವುದಕ್ಕೆ ಹೆಚ್ಚಾಗಿ ಒಂದೇ ಕಾರಣ: ಲೇಖಕ ಏನು ಹೇಳಿದ ಎಂದು ಸಾರಾಂಶ ಬರೆದಿರುತ್ತಾರೆ, ತಮ್ಮ ವಾದ ಇರುವುದಿಲ್ಲ. ಹೈಸ್ಕೂಲಿನ ಐದು ಪ್ಯಾರಾಗಳ ಪ್ರಬಂಧ ಕಲಿಸಿದ ಅಭ್ಯಾಸ ಅದು. ಕರಡು ಹಿಡಿದುಕೊಂಡು ಗಡುವಿಗೆ ಐದಾರು ದಿನ ಮೊದಲೇ ಅಧ್ಯಾಪಕರ ಭೇಟಿಯ ಸಮಯದಲ್ಲಿ ಹೋಗಿ ಕೂತರೆ ಎರಡನೇ ಮೂರನೇ ಪ್ರಬಂಧದ ಹೊತ್ತಿಗೆ ಇದು ಸರಿಹೋಗುತ್ತದೆ. ನಮ್ಮ ಮಕ್ಕಳು ಬಹಳ ಮಂದಿ ಹಾಗೆ ಹೋಗುವುದಿಲ್ಲ. ಗೊತ್ತಿಲ್ಲ ಎಂದು ತೋರಿಸಿಕೊಳ್ಳಲು ಸಂಕೋಚ. ಸಣ್ಣ ಕಾಲೇಜಿನ ದೊಡ್ಡ ಲಾಭವನ್ನೇ ಇವರು ಬಿಟ್ಟುಕೊಡುತ್ತಾರೆ.

ತೀರ್ಮಾನಕ್ಕೆ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಕಾಲೇಜಿಗೆ ಯಾರ ಹೆಸರಿದೆಯೋ ಆ ಮ್ಯಾಡಿಸನ್, ಮುಂದೆ ಅಮೆರಿಕದ ಅಧ್ಯಕ್ಷನಾದವನು, ಹೊಸ ಸಂವಿಧಾನದ ಪರವಾಗಿ ಬಂದ ಫೆಡರಲಿಸ್ಟ್ ಲೇಖನಮಾಲೆಗೆ 1787ರಲ್ಲಿ ಬರೆದ ಹತ್ತನೇ ಲೇಖನ ಇಂಟರ್‌ನೆಟ್‌ನಲ್ಲಿ ಉಚಿತವಾಗಿ ಸಿಗುತ್ತದೆ, ಸುಮಾರು ಮೂರು ಸಾವಿರ ಪದ. ಗುಂಪುಗಾರಿಕೆಯ ಕೇಡನ್ನು ಸಣ್ಣ ಗಣರಾಜ್ಯಕ್ಕಿಂತ ದೊಡ್ಡ ಗಣರಾಜ್ಯ ಚೆನ್ನಾಗಿ ತಡೆಯುತ್ತದೆ ಎಂಬುದು ಅದರ ವಾದ. ದೇಶ ದೊಡ್ಡದಾದಷ್ಟೂ ಒಂದೇ ಸ್ವಾರ್ಥದವರು ಒಬ್ಬರನ್ನೊಬ್ಬರು ಹುಡುಕಿಕೊಂಡು ಒಟ್ಟಾಗುವುದು ಕಷ್ಟ ಎಂಬುದು ಅವನು ಕೊಡುವ ಕಾರಣಗಳಲ್ಲೊಂದು. ಕೈಯಲ್ಲಿ ಫೋನ್ ಇರುವ ಈ ಕಾಲದಲ್ಲಿ ಆ ಕಾರಣ ನಿಲ್ಲುತ್ತದೆಯೇ? ಈ ಪ್ರಶ್ನೆಗೆ ಎರಡು ಪುಟ ಬರೆಯಲಿ. ಸಾರಾಂಶದ ಸೈಟು, ಎಐ ಯಾವುದೂ ಬೇಡ, ಗಡುವು ನಾಲ್ಕು ದಿನ. ಬರೆದದ್ದನ್ನು ಅವಳ ಇಂಗ್ಲಿಷ್ ಟೀಚರ್ ತಿದ್ದಲಿ, ಆಮೇಲೆ ಪೂರ್ತಿ ಮತ್ತೆ ಬರೆಯಲಿ. ಮೊದಲ ಸಲ ಚೆನ್ನಾಗಿ ಬಂತೋ ಇಲ್ಲವೋ ಮುಖ್ಯವಲ್ಲ. ಮತ್ತೆ ಬರೆಯಲು ಕೂತಾಗ ಅವಳ ಉತ್ಸಾಹ ಉಳಿದಿತ್ತೇ ಎಂದು ನೋಡಿ. ಮ್ಯಾಡಿಸನ್‌ನಲ್ಲಿ ಅವಳು ನಾಲ್ಕು ವರ್ಷ ಮಾಡುವ ಕೆಲಸ ಇದೇ.

ಮನೆಯಿಂದ ಓಡಾಡುವ ಮಾತು ಬಿಡಿ. ಕೇಸ್ ಹಾಲ್‌ನಲ್ಲಿ ಇರುವುದು ಆ ಓದಿನ ಭಾಗವೇ. ತರಗತಿಯಲ್ಲಿ ಅರ್ಧಕ್ಕೆ ನಿಂತ ವಾದ ಊಟದ ಮೇಜಿನಲ್ಲಿ ಮುಂದುವರಿಯುತ್ತದೆ, ರಾತ್ರಿ ಹತ್ತಕ್ಕೆ ಕರಡು ಓದಿಕೊಡುವ ಗೆಳತಿ ಪಕ್ಕದ ಕೋಣೆಯಲ್ಲೇ ಇರುತ್ತಾಳೆ. ಇದಕ್ಕೊಂದು ಕಷ್ಟವೂ ಇದೆ. ಜಗಳವಾದರೆ ತಪ್ಪಿಸಿಕೊಳ್ಳಲು ಜಾಗವಿಲ್ಲ, ಬೆಳಿಗ್ಗೆ ಅದೇ ಮುಖ, ಅದೇ ತರಗತಿ. ಕಟ್ಟಡದ ಹೊರಗಿನ ಒಂದು ಸಂಘವನ್ನು, ಸಂಗೀತವೋ ಆಟವೋ, ಮೊದಲ ತಿಂಗಳಲ್ಲೇ ಹಿಡಿದುಕೊಳ್ಳಲು ಹೇಳಿ.

ಯಜಮಾನರ ಪ್ರಶ್ನೆ ನ್ಯಾಯವಾದದ್ದು. ಬರೀ ಪದವಿಯ ಹೆಸರು ಕೆಲಸ ಕೊಡಿಸುವುದಿಲ್ಲ. ಆದರೆ ರಾಜ್ಯದ ಶಾಸನಸಭೆ ಇರುವ ಲ್ಯಾನ್ಸಿಂಗ್ ಕ್ಯಾಂಪಸ್‌ನಿಂದ ನಾಲ್ಕೈದು ಮೈಲಿ. ಶಾಸಕರ ಕಚೇರಿ, ಸರ್ಕಾರಿ ಇಲಾಖೆಗಳಲ್ಲಿ ಓದುತ್ತಿರುವಾಗಲೇ ಇಂಟರ್ನ್‌ಶಿಪ್ ಮಾಡಬಹುದು. ಎರಡನೇ ವರ್ಷದಿಂದ ಎರಡು ಮೂರು ಸಂಖ್ಯಾಶಾಸ್ತ್ರದ ಕೋರ್ಸ್ ಸೇರಿಸಿಕೊಳ್ಳಲಿ. ನೀತಿಯ ಬಗ್ಗೆ ಸ್ಪಷ್ಟವಾಗಿ ಬರೆಯಬಲ್ಲ, ಅಂಕಿಅಂಶ ಓದಬಲ್ಲ ಪದವೀಧರರಿಗೆ ದಾರಿಗಳಿವೆ. ಅವಳ ಮನಸ್ಸು ನಿಜಕ್ಕೂ ವಿಜ್ಞಾನದ ಕಡೆ ಇದ್ದರೆ ಅದೇ ವಿಶ್ವವಿದ್ಯಾಲಯದಲ್ಲಿ, ಅದೇ 1967ರಲ್ಲಿ ಹುಟ್ಟಿದ ಲೈಮನ್ ಬ್ರಿಗ್ಸ್ ಕಾಲೇಜು ಹೋಮ್ಸ್ ಹಾಲ್‌ನಲ್ಲಿದೆ. ಓದಿನಲ್ಲಿ ಬಹಳ ಮುಂದಿರುವವರಿಗಾಗಿ ಇರುವ ಆನರ್ಸ್ ಕಾಲೇಜು ಬೇರೆ. ಅದಕ್ಕೂ ಮ್ಯಾಡಿಸನ್‌ಗೂ ಒಟ್ಟಿಗೆ ಸೇರಿರಬಹುದು, ಒಂದನ್ನು ಬಿಟ್ಟು ಒಂದನ್ನು ಆರಿಸಬೇಕಿಲ್ಲ.

ಇನ್ನೂ ಮನಸ್ಸು ಹೊಯ್ದಾಡುತ್ತಿದ್ದರೆ ಇದನ್ನು ಗಮನಿಸಿ: ಒಳಗೆ ಹೋಗಿ ಹೊರಬರುವುದು ಸುಲಭ, ಹೊರಗಿದ್ದು ಆಮೇಲೆ ಒಳಗೆ ಹೋಗುವುದು ಕಷ್ಟ. ಮ್ಯಾಡಿಸನ್ ಹಿಡಿಸದಿದ್ದರೆ ಅದೇ ವಿಶ್ವವಿದ್ಯಾಲಯದ ರಾಜ್ಯಶಾಸ್ತ್ರ ವಿಭಾಗಕ್ಕೋ ಅರ್ಥಶಾಸ್ತ್ರಕ್ಕೋ ಹೋಗಬಹುದು. ಹೋಗುವುದಾದರೆ ಮೊದಲ ವರ್ಷದ ಎರಡೂ ಸೆಮಿಸ್ಟರ್ ಮುಗಿಸಿಕೊಂಡು ಹೋಗಲಿ. ಎರಡು ಸೆಮಿಸ್ಟರ್‌ಗಳ ಜೋಡಿ ಕೋರ್ಸನ್ನು ಡಿಸೆಂಬರ್‌ನಲ್ಲಿ ಅರ್ಧಕ್ಕೆ ಬಿಟ್ಟರೆ ವಿಶ್ವವಿದ್ಯಾಲಯದ ಕಡ್ಡಾಯ ಕೋರ್ಸ್‌ಗಳ ಬದಲಿಗೆ ಅದನ್ನು ಎಣಿಸಿಕೊಳ್ಳುವುದು ತೊಡಕಾಗಬಹುದು.

ಮೇ 1ಕ್ಕೆ ಮುಂಚೆ ಮಗಳೇ ಕಾಲೇಜಿನ ಸಲಹೆಗಾರರಿಗೆ ಇಮೇಲ್ ಬರೆದು ಮೂರು ವಿಷಯ ಕೇಳಲಿ, ನೀವು ಬರೆಯಬೇಡಿ. ಬಿಟ್ಟು ಹೋದರೆ ಯಾವ ಕ್ರೆಡಿಟ್ ಯಾವುದಕ್ಕೆ ಸಲ್ಲುತ್ತದೆ? ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ಎಪಿ ಪರೀಕ್ಷೆಗಳಲ್ಲಿ ಅವಳಿಗೆ ಬಂದ ಅಂಕಗಳು ಇಲ್ಲಿ ಯಾವ ಕೋರ್ಸನ್ನು ಉಳಿಸುತ್ತವೆ? ಅಂತರರಾಷ್ಟ್ರೀಯ ಸಂಬಂಧ ಮೇಜರ್‌ಗೆ ಎರಡನೇ ವರ್ಷದ ಮಟ್ಟದ ವಿದೇಶಿ ಭಾಷೆ ಬೇಕು, ಅವಳಿಗೆ ಓದಲು ಬರೆಯಲು ಬರುವ ಕನ್ನಡವನ್ನು ಪರೀಕ್ಷೆ ಮಾಡಿ ಅದಕ್ಕೆ ಒಪ್ಪಿಕೊಳ್ಳುತ್ತಾರೆಯೇ? ಒಪ್ಪಿದರೆ ಕ್ರೆಡಿಟ್‌ನ ಭಾರ ಸಾಕಷ್ಟು ಇಳಿಯುತ್ತದೆ, ಸಂಖ್ಯಾಶಾಸ್ತ್ರಕ್ಕೆ ಮೊದಲ ವರ್ಷದಲ್ಲೇ ಜಾಗ ಸಿಗುತ್ತದೆ.

— ಸಂಪಾದಕರು