ಎರಡೂ ಆಸ್ಪತ್ರೆಯ ಸಾಫ್ಟ್‌ವೇರ್‌ನಲ್ಲಿ ‘ಫೈರ್’ ಇದ್ದರೆ ರೋಗಿಗಳ ಮಾಹಿತಿ ಹಂಚಿಕೊಳ್ಳೋದು ಸುಲಭ ಅಲ್ವಾ?

ಎರಡು ಆಸ್ಪತ್ರೆಗಳ ಸಾಫ್ಟ್‌ವೇರ್ ಜೋಡಿಸುವ ಕೆಲಸ ನಿಮ್ಮ ಹೆಗಲಿಗೆ ಬಿದ್ದಿದೆ. ಎರಡೂ ಕಡೆಯ ವೆಂಡರ್‌ಗಳು ‘ನಮ್ಮಲ್ಲಿ ಫೈರ್ ಇದೆ’ ಅಂದಿದ್ದಾರೆ. ಫೈರ್ (FHIR) ಅಂದರೆ ಆಸ್ಪತ್ರೆ ಸಾಫ್ಟ್‌ವೇರ್‌ಗಳು ರೋಗಿಗಳ ಮಾಹಿತಿ ಹಂಚಿಕೊಳ್ಳಲು ಬಳಸುವ ಸ್ಟಾಂಡರ್ಡ್. ಆರು ವಾರ ಸಾಕಾ ಅಂತ ಕೇಳಿದ್ದೀರಿ. ಮೊದಲ ದಾಖಲೆ ಆಚೆ ಕಡೆ ಹೋಗಿ ಬೀಳೋಕೆ ಆರು ವಾರ ಜಾಸ್ತಿಯೇ ಆಯಿತು. ಅದನ್ನು ನಂಬಿ ಡಾಕ್ಟರ್ ಔಷಧಿ ಬರೆಯುವಂತಾಗೋಕೆ ಸಾಲದು.

ನಾನು ಲ್ಯಾಬ್ ಮತ್ತು ಆಸ್ಪತ್ರೆ ಸಾಫ್ಟ್‌ವೇರ್‌ಗಳ ನಡುವಿನ ಇಂಟರ್‌ಫೇಸ್ ಬರೆಯುವವನು. ನನ್ನದೇ ಒಂದು ಎಡವಟ್ಟು ಹೇಳುತ್ತೇನೆ. ಒಂದು ಲ್ಯಾಬಿನಿಂದ ರಕ್ತದ ಸಕ್ಕರೆ 6.2 ಅಂತ ಬಂತು. ಅಂದರೆ ಲೀಟರಿಗೆ 6.2 ಮಿಲಿಮೋಲ್. ನನ್ನ ಕೋಡ್ ಅಂಕಿಯನ್ನಷ್ಟೇ ಎತ್ತಿಕೊಂಡು, ಪಕ್ಕದಲ್ಲೇ ಇದ್ದ ಯೂನಿಟ್ ಬಿಟ್ಟು, ಆಸ್ಪತ್ರೆಯವರು ಬಳಸುವ ಮಿಲಿಗ್ರಾಂ ಅಂಟಿಸಿತು. ಪರದೆ ಮೇಲೆ ಡೆಸಿಲೀಟರಿಗೆ 6.2 ಮಿಲಿಗ್ರಾಂ, ಕೆಂಪು ಬಣ್ಣದಲ್ಲಿ. ಸಕ್ಕರೆಯ ಮಿಲಿಮೋಲ್ ಅಂಕಿಯನ್ನು 18ರಿಂದ ಗುಣಿಸಬೇಕು. ಸರಿಯಾದ ಲೆಕ್ಕ ಸುಮಾರು 112. ಟ್ರಯಲ್ ವಾರದಲ್ಲಿ ಇದನ್ನು ನೋಡಿದ ನರ್ಸ್ ಒಬ್ಬರು, ‘ಸಕ್ಕರೆ ಆರಕ್ಕೆ ಇಳಿದವರು ಹೀಗೆ ಎದ್ದು ಕೂತು ಮಾತಾಡ್ತಾರಾ?’ ಅಂದರು. ಲ್ಯಾಬ್ ಕಳಿಸಿದ ಆ ಮೆಸೇಜಿನಲ್ಲಿ ಒಂದು ತಪ್ಪೂ ಇರಲಿಲ್ಲ. ಮೆಸೇಜು ನಿಯಮದ ಪ್ರಕಾರ ಇದೆಯಾ ಅಂತ ನೋಡುವ ವ್ಯಾಲಿಡೇಟರ್ ಕಣ್ಣುಮುಚ್ಚಿ ಪಾಸ್ ಮಾಡಿತ್ತು.

ಸ್ಟಾಂಡರ್ಡ್ ಎಷ್ಟು ದೂರ ಬರುತ್ತದೆ, ಎಲ್ಲಿ ಕೈಬಿಡುತ್ತದೆ ಅನ್ನೋದು ನಿಮಗೆ ಮೊದಲೇ ಗೊತ್ತಿರಬೇಕು. ಸ್ವಲ್ಪ ಹಿಂದಿನ ಕಥೆ. ಇಂಥ ಸ್ಟಾಂಡರ್ಡ್‌ಗಳನ್ನು ರೂಪಿಸುವ ಎಚ್‌ಎಲ್7 ಸಂಸ್ಥೆ ಶುರುವಾಗಿದ್ದು 1987ರಲ್ಲಿ. ಅದರ ಸ್ಟಾಂಡರ್ಡ್‌ನ ಎರಡನೇ ಆವೃತ್ತಿಯ ಮೆಸೇಜುಗಳು ಇವತ್ತಿಗೂ ಲೆಕ್ಕವಿಲ್ಲದಷ್ಟು ಆಸ್ಪತ್ರೆಗಳಲ್ಲಿ ಓಡುತ್ತಿವೆ. ಉದ್ದುದ್ದ ಗೀಟುಗಳ ನಡುವೆ ಮಾಹಿತಿ ತುರುಕಿದ ಸಾಲುಗಳು ಅವು. ಅದರಲ್ಲಿ ‘ಝಡ್’ ಅಕ್ಷರದಿಂದ ಶುರುವಾಗುವ ಸಾಲುಗಳನ್ನು ಯಾರು ಹೇಗೆ ಬೇಕಾದರೂ ಮಾಡಿಕೊಳ್ಳಬಹುದು. ಎಲ್ಲರೂ ಮಾಡಿಕೊಂಡರು! ಮೂರನೇ ಆವೃತ್ತಿ ಇದನ್ನೆಲ್ಲ ಬಿಗಿ ಮಾಡಲು ಹೋಗಿ ತಾನೇ ಭಾರವಾಯಿತು. 2011ರಲ್ಲಿ ಆಸ್ಟ್ರೇಲಿಯಾದ ಗ್ರಹಾಂ ಗ್ರೀವ್, ವೆಬ್ ಡೆವಲಪರ್‌ಗಳಿಗೆ ಮೊದಲೇ ಗೊತ್ತಿರುವ ದಾರಿಯನ್ನೇ ಹಿಡಿಯೋಣ ಅಂದರು. ಅದೇ ಬೆಳೆದು ಫೈರ್ ಆಯಿತು. ಈಗ ಹೆಚ್ಚಾಗಿ ಸಿಗೋದು ಆರ್4 ಆವೃತ್ತಿ. 2023ರಲ್ಲಿ ಆರ್5 ಕೂಡ ಬಂದಿದೆ. ಹಾಗಾಗಿ ‘ಫೈರ್ ಇದೆ’ ಅಂದವರಿಗೆ ‘ಯಾವ ಆವೃತ್ತಿ, ಯಾವ ಪ್ರೊಫೈಲ್’ ಅಂತ ಕೇಳಿ. ಎರಡನೇ ಪ್ರಶ್ನೆಗೆ ತಡವರಿಸಿದರೆ ನಿಮ್ಮ ಆರು ವಾರ ಅಲ್ಲೇ ಹೋಯಿತು ಅಂದುಕೊಳ್ಳಿ.

ಪ್ರೊಫೈಲ್ ಯಾಕೆ ಬೇಕು? ಫೈರ್ ಬೇಕಂತಲೇ ಸಡಿಲವಾಗಿದೆ. ಫೈರ್‌ನಲ್ಲಿ ಮಾಹಿತಿಯ ಒಂದೊಂದು ತುಣುಕಿಗೆ ರಿಸೋರ್ಸ್ ಅಂತಾರೆ. ರೋಗಿಯ ವಿವರದ ರಿಸೋರ್ಸ್‌ನಲ್ಲಿ ಕಡ್ಡಾಯ ಅನ್ನುವ ಫೀಲ್ಡ್ ಒಂದೂ ಇಲ್ಲ. ಹೆಸರಿಲ್ಲದ, ಹುಟ್ಟಿದ ದಿನವಿಲ್ಲದ ರೋಗಿಯೂ ನಿಯಮದ ಪ್ರಕಾರ ಸರಿಯೇ. ಲ್ಯಾಬ್ ಫಲಿತಾಂಶಕ್ಕೆ ಕಡ್ಡಾಯ ಇರೋದು ಎರಡೇ: ಯಾವ ಪರೀಕ್ಷೆ ಅನ್ನುವ ಕೋಡ್ ಮತ್ತು ಅದರ ಸ್ಥಿತಿ. ಉತ್ತರವೇ ಇಲ್ಲದಿದ್ದರೂ ನಡೆಯುತ್ತದೆ. ಎಲ್ಲ ದೇಶ, ಎಲ್ಲ ವಿಭಾಗಗಳಿಗೂ ಹೊಂದಬೇಕಲ್ಲ, ಅದಕ್ಕೆ. ‘ನಮ್ಮಿಬ್ಬರ ನಡುವೆ ಇವು ಇರಲೇಬೇಕು’ ಅಂತ ಬರೆದಿಟ್ಟುಕೊಳ್ಳುವ ಒಪ್ಪಂದವೇ ಪ್ರೊಫೈಲ್.

ಕೋಡುಗಳ ವಿಷಯವೂ ಹೀಗೇ. ಪರೀಕ್ಷೆಗೆ ಲೋಯಿಂಕ್, ಕಾಯಿಲೆ ಮತ್ತು ಲಕ್ಷಣಕ್ಕೆ ಸ್ನೋಮೆಡ್ ಸಿಟಿ ಅನ್ನುವ ಕೋಡ್ ಪಟ್ಟಿಗಳಿವೆ. ಸ್ಕ್ಯಾನ್ ಚಿತ್ರಗಳಿಗೆ ಡೈಕಾಮ್ ಅನ್ನುವ ಬೇರೆ ಸ್ಟಾಂಡರ್ಡ್. ಡೈಕಾಮ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ, ಅದು ಇದ್ದುದರಲ್ಲಿ ಪಳಗಿದ ಕುದುರೆ. ಲೋಯಿಂಕ್‌ನಲ್ಲಿ ಹುಷಾರು. ಮಿಲಿಗ್ರಾಂ ಲೆಕ್ಕದ ಸೀರಂ ಸಕ್ಕರೆಗೆ 2345-7, ಮಿಲಿಮೋಲ್ ಲೆಕ್ಕದ್ದಕ್ಕೆ 14749-6. ಹೆಸರು ನೋಡಿ ಹೊಂದಿಸಿದರೆ ಎರಡೂ ‘ಗ್ಲೂಕೋಸ್’ ಅಷ್ಟೇ. ಈ ಹೊಂದಾಣಿಕೆಯನ್ನು ಪ್ರೋಗ್ರಾಮರ್ ಕೈಗೆ ಕೊಡಬೇಡಿ. ಲ್ಯಾಬಿನಲ್ಲಿ ಮಷಿನ್ ನಡೆಸುವವರು ಕೂತು ಮಾಡಬೇಕು.

ನನಗೆ ಅತಿ ಹೆಚ್ಚು ಭಯ ಇರೋದು ಖಾಲಿ ಜಾಗದ ಬಗ್ಗೆ. ಅಲರ್ಜಿ ಪಟ್ಟಿ ಖಾಲಿ ಬಂತು ಅಂದುಕೊಳ್ಳಿ. ಕೇಳಿದ್ದಾರೆ, ಏನೂ ಇಲ್ಲ ಅಂದಿದ್ದಾರಾ? ಯಾರೂ ಕೇಳೇ ಇಲ್ವಾ? ಅಥವಾ ಪೆನ್ಸಿಲಿನ್ ಅಲರ್ಜಿ ಅಂತ ಡಾಕ್ಟರ್ ಟಿಪ್ಪಣಿಯಲ್ಲಿ ಬರೆದಿದ್ದು, ಅದು ಕೋಡ್ ಆಗಿ ಹೊರಡಲೇ ಇಲ್ವಾ? ಮೂರೂ ಆಚೆ ಪರದೆಯಲ್ಲಿ ಒಂದೇ ಥರ ಕಾಣುತ್ತವೆ. ಮೂರನೆಯದು ಜೀವಕ್ಕೆ ಕುತ್ತು. ‘ಗೊತ್ತಿರುವ ಅಲರ್ಜಿ ಇಲ್ಲ’ ಅನ್ನೋದಕ್ಕೇ ಸ್ನೋಮೆಡ್‌ನಲ್ಲಿ ಬೇರೆ ಕೋಡ್ ಇದೆ. ಅದನ್ನು ಬಳಸಿ. ಖಾಲಿ ಬಂದರೆ ಪರದೆ ಮೇಲೆ ‘ಮಾಹಿತಿ ಬಂದಿಲ್ಲ’ ಅಂತ ಪೂರ್ತಿ ಅಕ್ಷರದಲ್ಲಿ ತೋರಿಸಿ. ಚೆನ್ನಾಗಿ ಕಾಣಲ್ಲ ಅಂತ ಡಿಸೈನರ್ ತಕರಾರು ತೆಗೆಯುತ್ತಾರೆ. ಬಗ್ಗಬೇಡಿ.

ರೋಗಿ ಒಬ್ಬರೇನಾ ಅನ್ನೋದು ಇನ್ನೊಂದು ತಲೆನೋವು. ಇನಿಶಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ. ಫೈರ್‌ನಲ್ಲಿ ಹುಟ್ಟಿದ ವರ್ಷ ಮಾತ್ರ ಗೊತ್ತಿದ್ದರೆ 1950 ಅಂತಷ್ಟೇ ಕಳಿಸಬಹುದು. ಹಳೇ ಸಾಫ್ಟ್‌ವೇರ್‌ಗಳು ಪೂರ್ತಿ ತಾರೀಖು ಬೇಕೇ ಬೇಕು ಅಂತ ಹಟ ಹಿಡಿಯುವುದರಿಂದ, ಕೌಂಟರಿನವರು ಸುಮ್ನೆ ಜನವರಿ 1 ಹಾಕಿಬಿಡುತ್ತಾರೆ. ಜನವರಿ 1ಕ್ಕೆ ಹುಟ್ಟಿದವರ ಪಟ್ಟಿ ಎರಡೂ ಕಡೆ ತೆಗೆಸಿ ನೋಡಿ, ನಗು ಬರುತ್ತದೆ. ಹೆಸರು ಮತ್ತು ಆ ತಾರೀಖನ್ನಷ್ಟೇ ನಂಬಿ ಇಬ್ಬರನ್ನು ಒಂದು ಮಾಡಿದರೆ ನಗು ನಿಲ್ಲುತ್ತದೆ. ಅನುಮಾನ ಇದ್ದರೆ ಬೇರೆ ಬೇರೆಯಾಗಿಯೇ ಇರಲಿ, ಮನುಷ್ಯರೊಬ್ಬರು ನೋಡಿ ತೀರ್ಮಾನಿಸಲಿ.

ತಿದ್ದುಪಡಿಯನ್ನೂ ಪರೀಕ್ಷಿಸಿ. ಕಳಿಸಿದ ಫಲಿತಾಂಶ ತಪ್ಪು ಅಂತ ಲ್ಯಾಬ್ ಹಿಂತೆಗೆದುಕೊಂಡಾಗ, ಆಚೆ ಕಡೆಯ ಹಳೇ ಪ್ರತಿ ಏನಾಗುತ್ತದೆ? ಡೆಮೊದಲ್ಲಿ ಇದನ್ನು ಯಾರೂ ತೋರಿಸಲ್ಲ, ನೀವೇ ಕೇಳಬೇಕು.

ಮ್ಯಾನೇಜರಿಗೆ ಆರು ವಾರ ಅಂತ ಬರೆದುಕೊಡುವ ಮೊದಲು ಒಂದು ಕೆಲಸ ಮಾಡಿ. ಎರಡೂ ಲ್ಯಾಬಿನವರನ್ನು ಒಂದೇ ಮೇಜಿಗೆ ಕೂರಿಸಿ, ದಿನಾ ಮಾಡುವ ಇಪ್ಪತ್ತು ಪರೀಕ್ಷೆಗಳ ಕೋಡ್ ಮತ್ತು ಯೂನಿಟ್ ಹೊಂದಿಸಲು ಹೇಳಿ. ಅದಕ್ಕೆ ಎಷ್ಟು ದಿನ ಹಿಡಿಯಿತು ಅಂತ ತಿಳಿಸಿ, ಆಮೇಲೆ ಅಂದಾಜು ಹಾಕೋಣ.